ಹದಿನಾಲ್ಕನೇ ನಂಬರಿನ ಹಿಂಗೋಡೆ

“ಆ ಬ್ರಶ್ಶು ಸ್ವಲ್ಪ ಕೆಳಗಿಡಪ್ಪ,” ಎಂದಳು ಟೇಪಕ್ಕ.

ಪೇಂಟರ್ ಕೆಳಗಿಡಲಿಲ್ಲ. ಏಣಿಯ ಎರಡನೇ ಮೆಟ್ಟಿಲ ಮೇಲೆ ನಿಂತು ಬ್ರಶ್ಶನ್ನು ಗಾಳಿಯಲ್ಲೇ ತಡೆದ. ಬೆಳಿಗ್ಗೆಯಿಂದ ಹಳೇ ಬಣ್ಣ ಕೆರೆದು ಕೆರೆದು ಅವನ ಕಣ್ಣಿನ ರೆಪ್ಪೆಯ ಮೇಲೂ ಬಿಳಿ ಪುಡಿ ಕೂತಿತ್ತು. ಗೋಡೆ ಅವನದಲ್ಲ, ಮನೆ ಅವನದಲ್ಲ, ದಿನಗೂಲಿ ಮಾತ್ರ ಅವನದು. ಹೀಗಾಗಿ ಯಾರು ಏನೇ ಹೇಳಿದರೂ ಕೇಳಿಸಿಕೊಳ್ಳುವ ತಾಳ್ಮೆ ಅವನಿಗಿತ್ತು.

“ಎಷ್ಟು ಹೊತ್ತು ಇಡ್ಬೇಕು?”

“ನಾನು ಈ ಗೋಡೆ ನೋಡಿ ಮುಗಿಸೋ ತನಕ.”

“ಗೋಡೆ ನೋಡೋರನ್ನ ಮೊದಲ್ನೇ ಸಲ ನೋಡ್ತಿದೀನಿ,” ಎಂದು ಅವನು ಇಳಿದು ಬಂದು ತಾನೂ ನೋಡತೊಡಗಿದ.

ಮೂವತ್ತೊಂದು ವರ್ಷ ಪುರಸಭೆಯ ಮೌಲ್ಯಮಾಪನ ವಿಭಾಗದಲ್ಲಿ ಊರಿನ ಮನೆಗಳನ್ನೆಲ್ಲ ಅಳೆದು ನಿವೃತ್ತಳಾದವಳಿಗೆ ಟೇಪಕ್ಕ ಎಂಬ ಹೆಸರು ಬಿಟ್ಟರೆ ಕಚೇರಿ ಕೊಟ್ಟದ್ದು ಒಂದು ಗೋಡೆ ಗಡಿಯಾರ ಮಾತ್ರ. ಗಡಿಯಾರ ನಿಂತುಹೋಯಿತು. ಹೆಸರು ನಡೆಯುತ್ತಿದೆ. ಬೀದಿಯ ಕೊನೆಯ ಪುಟ್ಟ ಮನೆಯ ಟೈಲರಮ್ಮ ತನ್ನ ತೆರಿಗೆ ಒಂದೇ ಏಟಿಗೆ ಅರ್ಧಕ್ಕರ್ಧ ಏರಿದ ನೋಟೀಸನ್ನು ಹಿಡಿದು ಬಂದದ್ದೂ ಈ ಹೆಸರು ಕೇಳಿಯೇ. ಅಲ್ಲಿಂದ ಹಿಡಿದ ಜಾಡು ಟೇಪಕ್ಕನನ್ನು ಇವತ್ತು ಈ ಹದಿನಾಲ್ಕನೇ ನಂಬರಿನ ಹಿತ್ತಲಿಗೆ ತಂದು ನಿಲ್ಲಿಸಿತ್ತು.

ಹದಿನಾಲ್ಕೇ ಯಾಕೆ ಎನ್ನುವುದು ಸರಳ. ಪುರಸಭೆ ಪ್ರತಿ ಮನೆಗೂ ಬೇರೆ ಬೇರೆ ಬೆಲೆ ಕಟ್ಟುತ್ತಾ ಕೂರುವುದಿಲ್ಲ. ಅಷ್ಟು ಪುರುಸೊತ್ತು ಯಾರಿಗಿದೆ. ಬೀದಿಯಲ್ಲಿ ಈಚೆಗೆ ಮಾರಾಟವಾದ ಒಂದು ಮನೆಯನ್ನು ಹಿಡಿಯುತ್ತದೆ. ಮಾರಿದ ಬೆಲೆಯನ್ನು ಆ ಮನೆಯ ಚದರಡಿಯಿಂದ ಭಾಗಿಸುತ್ತದೆ. ಬಂದ ದರದಿಂದ ಉಳಿದ ಮನೆಗಳನ್ನೆಲ್ಲ ಗುಣಿಸಿ, ಅದರ ಮೇಲೆ ತೆರಿಗೆ ಹಾಕಿ, ನೋಟೀಸು ಕಳಿಸಿ ಕೈತೊಳೆದುಕೊಳ್ಳುತ್ತದೆ. ಆ ಮೊದಲನೆಯ ಮನೆಗೆ ಕಚೇರಿಯಲ್ಲಿ ಮಾದರಿ ಮನೆ ಎನ್ನುತ್ತಾರೆ. ಮಾದರಿ ಮನೆಯ ಲೆಕ್ಕ ದಾರಿ ತಪ್ಪಿದರೆ ಇಡೀ ಬೀದಿ ಅದರ ಬಾಲ ಹಿಡಿದುಕೊಂಡು ದಾರಿ ತಪ್ಪುತ್ತದೆ.

ಹೋದ ವರ್ಷ ಹಲ್ಲಿನ ಡಾಕ್ಟರು ಈ ಮನೆಯನ್ನು ತೊಂಬತ್ತೆರಡು ಲಕ್ಷಕ್ಕೆ ಒಬ್ಬ ಬ್ರೋಕರಿಗೆ ಮಾರಿದ್ದರು. ಬ್ರೋಕರು ಸುಳ್ಳು ಬೆಲೆ ಬರೆಸಿ ಬೀದಿಯ ತೆರಿಗೆ ಏರುವಂತೆ ಮಾಡಿ, ಕಟ್ಟಲಾರದವರ ಮನೆಗಳನ್ನು ಅಗ್ಗಕ್ಕೆ ಹೊಡೆಯಲು ಹೊಂಚು ಹಾಕಿದ್ದಾನೆಂದು ಟೇಪಕ್ಕ ಎರಡು ವಾರ ಅವನ ಬೆನ್ನು ಬಿದ್ದಿದ್ದಳು. ಅವನು ಟೈಲರಮ್ಮನ ಮನೆಗೆ ಎರಡು ಸಲ ದರ ಕೇಳಿಕೊಂಡು ಬಂದದ್ದೂ ನಿಜ. ಆದರೆ ಹದಿನಾಲ್ಕಕ್ಕೆ ಕೊಟ್ಟ ಬೆಲೆಯಲ್ಲಿ ಒಂದು ಬಿಡಿಗಾಸೂ ಸುಳ್ಳಿರಲಿಲ್ಲ. ಬ್ಯಾಂಕಿನ ಪತ್ರ ನೋಡಿದಾಗ ಅವಳಿಗೆ ಒಂದು ರೀತಿಯ ನಿರಾಶೆಯೇ ಆಯಿತು. ಇಷ್ಟು ಚೆನ್ನಾಗಿ ಕಳ್ಳನಂತೆ ಕಾಣುವವನು ಕಳ್ಳನಲ್ಲದಿರುವುದು ಅನ್ಯಾಯ.

ಬೆಲೆ ನಿಜವಾದರೆ ಉಳಿದದ್ದು ಅಳತೆ.

ಅವಳು ಟೇಪಿನ ಕೊಕ್ಕೆಯನ್ನು ಹಿಂಗೋಡೆಯ ಮೊಳೆಗೆ ಸಿಕ್ಕಿಸಿ, ಪಕ್ಕದ ಓಣಿಯಲ್ಲಿ ಅಡ್ಡಡ್ಡವಾಗಿ ತೂರಿಕೊಂಡು, ಪಕ್ಕದ ಮನೆಯವರ ನೀರಿನ ಡ್ರಮ್ಮುಗಳಿಗೆ ಮೊಣಕಾಲು ಬಡಿಸಿಕೊಂಡು ಮುಂದಿನ ಮೂಲೆಗೆ ಹೋಗಿ ಓದಿದ್ದಳು. ಐವತ್ತೊಂದು ಅಡಿ. ಕೈಯಲ್ಲಿದ್ದ ಕಚೇರಿಯ ಅಳತೆ ಕಾರ್ಡಿನ ನಕಲಿನಲ್ಲಿ ಮನೆಯ ಉದ್ದ ಮೂವತ್ತೆರಡು. ಅಗಲ ಎರಡರಲ್ಲೂ ಇಪ್ಪತ್ನಾಲ್ಕು.

ಹತ್ತೊಂಬತ್ತು ಅಡಿ ಮನೆ, ಎಂದರೆ ಎರಡು ಒಳ್ಳೆಯ ಕೋಣೆಗಳು, ಪುರಸಭೆಯ ಪಾಲಿಗೆ ಹುಟ್ಟೇ ಇರಲಿಲ್ಲ.

ದೊಡ್ಡ ಮನೆಯ ಬೆಲೆಯನ್ನು ಸಣ್ಣ ಮನೆಯ ಚದರಡಿಯಿಂದ ಭಾಗಿಸಿದರೆ ಏನಾಗುತ್ತದೆಂದು ಅವಳು ನೋಟೀಸಿನ ಹಿಂಬದಿಯಲ್ಲೇ ಲೆಕ್ಕ ಹಾಕಿದಳು. ನಿಜವಾಗಿ ಏಳೂವರೆ ಸಾವಿರವಾಗಬೇಕಿದ್ದ ದರ ಹನ್ನೆರಡು ಸಾವಿರದ ಹತ್ತಿರ ಕೂತಿತ್ತು. ಟೈಲರಮ್ಮನ ಆರುನೂರು ಚದರಡಿಯನ್ನು ಗುಣಿಸಿದ್ದು ಇದರಿಂದಲೇ.

ಆದರೂ ಟೇಪಕ್ಕ ಆತುರದವಳಲ್ಲ. ಮನೆಯ ಕಾರ್ಡು ಹನ್ನೊಂದು ವರ್ಷ ಹಳೆಯದು. ಹಿಂದಿನ ಕೋಣೆಗಳನ್ನು ಆಮೇಲೆ ಕಟ್ಟಿದ್ದರೆ ಯಾರದ್ದೂ ತಪ್ಪಿಲ್ಲ. ಬರೇ ಸೋಮಾರಿತನ, ಅದಕ್ಕೆ ಕಾನೂನಿನಲ್ಲಿ ಶಿಕ್ಷೆಯಿಲ್ಲ. ಹಾಗೇ ಇರಲಿ ಎಂದು ಅವಳ ಮನಸ್ಸು ಬಯಸುತ್ತಿತ್ತು. ಯಾಕೆಂದರೆ ಆ ಕಾರ್ಡಿನಲ್ಲಿ ಅಳೆದವರು ಎಂಬಲ್ಲಿ ಎರಡು ಸಹಿಗಳಿದ್ದವು. ಒಂದು ಅವಳದು.

ಇನ್ನೊಂದು, ಕಚೇರಿಯಲ್ಲಿ ಎಲ್ಲರೂ ಕೊಕ್ಕೆ ಎಂದು ಕರೆಯುತ್ತಿದ್ದವನದು.

ಮನೆ ಅಳೆಯಲು ಇಬ್ಬರು ಬೇಕು. ಒಬ್ಬರು ಮುಂದೆ ನಿಂತು ಅಂಕಿ ಓದುತ್ತಾರೆ. ಇನ್ನೊಬ್ಬರು ಸೊನ್ನೆಯ ತುದಿ ಹಿಡಿದು ಮನೆಯ ಹಿಂದಕ್ಕೆ ಹೋಗುತ್ತಾರೆ. ಗೋಡೆ ಅಡ್ಡ ಇರುವುದರಿಂದ ಒಬ್ಬರಿಗೊಬ್ಬರು ಕಾಣುವುದಿಲ್ಲ. ಹಿಂದಿನವರು ತುದಿಯನ್ನು ಮೂಲೆಗೆ ಒತ್ತಿ ಹಿಡಿದು ಟೇಪನ್ನು ಎರಡು ಸಲ ಎಳೆಯುತ್ತಾರೆ. ಮುಂದಿನವರು ಓದಿ ಬರೆಯುತ್ತಾರೆ. ಟೇಪಕ್ಕನ ಜೊತೆ ಹದಿನೆಂಟು ವರ್ಷ ಸೊನ್ನೆ ಹಿಡಿದವನು ಆ ತೆಳ್ಳನೆಯ, ಯಾವ ಓಣಿಯಲ್ಲೂ ನುಸುಳುವ, ಅವಳನ್ನು ಬಾಯ್ತುಂಬ ಅಕ್ಕ ಎನ್ನುವ ಕೊಕ್ಕೆ. ಈಗ ಅವನೇ ವಿಭಾಗದ ಮುಖ್ಯಸ್ಥ. ಅವನ ಬಡ್ತಿಗೆ ಶಿಫಾರಸು ಬರೆದವಳು ಅವಳೇ.

“ಅಮ್ಮಾ, ಇಲ್ಲೇನೋ ಇದೆ,” ಎಂದ ಪೇಂಟರ್.

ಓಣಿ ಮುಗಿದು ಹಿತ್ತಲು ತೆರೆದುಕೊಳ್ಳುವಲ್ಲಿ, ಹಳೇ ಗೋಡೆ ಮುಗಿದು ಹಿಂದಿನ ಕೋಣೆಗಳ ಗೋಡೆ ಶುರುವಾಗುವಲ್ಲಿ, ಮೇಲಿಂದ ಕೆಳಗಿನವರೆಗೆ ಕೂದಲೆಳೆಯಂಥ ಒಂದು ಸಂದು. ಅವನು ಬಣ್ಣ ಕೆರೆದಿದ್ದ ಜಾಗದಲ್ಲಿ, ಸೊಂಟದೆತ್ತರಕ್ಕೆ, ಆ ಸಂದಿನ ಮೇಲೆ ಬಟಾಣಿ ಗಾತ್ರದ ಒಂದು ಚುಕ್ಕೆ. ದಾಳಿಂಬೆ ಬಣ್ಣ.

ಟೇಪಕ್ಕ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡಳು. ಕನ್ನಡಕದಲ್ಲಿ ಕೊಳೆಯಿರಲಿಲ್ಲ.

ಸೊನ್ನೆ ಹಿಡಿದವರು ಹಿಡಿದ ಜಾಗಕ್ಕೆ ಒಂದು ಚುಕ್ಕೆ ಇಡಬೇಕು. ಮೇಲಧಿಕಾರಿ ಮರು ಅಳತೆಗೆ ಬಂದರೆ ಅಲ್ಲಿಂದಲೇ ಹಿಡಿಯಬೇಕೆಂಬುದು ನಿಯಮ. ಚುಕ್ಕೆಗೆ ಬೇಕಾದ ಬಣ್ಣದ ಡಬ್ಬಿಗೆ ಇಲಾಖೆಯಲ್ಲಿ ಆರು ವರ್ಷ ಅರ್ಜಿ ಓಡಾಡಿ ಸುಸ್ತಾದ ಮೇಲೆ, ಕೊಕ್ಕೆ ಹೆಂಡತಿಯ ಉಗುರುಬಣ್ಣದ ಶೀಶೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗತೊಡಗಿದ್ದ. ಬೇರೆ ಯಾವ ತಂಡಕ್ಕೂ ಈ ಬುದ್ಧಿ ಹೊಳೆದಿರಲಿಲ್ಲ.

“ಇದು ಎನಾಮಲ್ ಬಣ್ಣಾನಾ?” ಎಂದು ಅವಳು ಕೇಳಿದಳು, ಉತ್ತರ ಗೊತ್ತಿದ್ದೂ.

ಪೇಂಟರ್ ಚಿಂದಿಗೆ ಒಂದು ಹನಿ ಥಿನ್ನರು ಹಾಕಿ ಚುಕ್ಕೆಯ ಅಂಚಿಗೆ ಮುಟ್ಟಿಸಿ, ಮೂಸಿ ನೋಡಿದ. “ಹೆಂಗಸರು ಉಗುರಿಗೆ ಹಚ್ಚೋದು. ನನ್ನ ಮಗಳೂ ಇಂಥದ್ದೇ ಗೋಡೆಗೆ ಬಳಿದು ನನ್ನ ಕೈಲೇ ಅಳಿಸ್ತಾಳೆ.”

“ಇದನ್ನ ಹಚ್ಚಿದಾಗ ಎರಡೂ ಗೋಡೆ ಇತ್ತಾ? ಒಂದೇ ಇತ್ತಾ?”

ಅವನು ಬಗ್ಗಿ ನೋಡಿದ. ಮೂವತ್ತು ಸೆಕೆಂಡಿನಲ್ಲಿ ಅವನು ಹೇಳಿದ್ದನ್ನು ಯಾವ ಎಂಜಿನಿಯರೂ ಮೂರು ಪುಟಕ್ಕಿಂತ ಕಡಿಮೆಯಲ್ಲಿ ಬರೆಯಲಾರ. ಚುಕ್ಕೆಯ ಅರ್ಧ ಹಳೇ ಗಾರೆಯ ಮೇಲೆ, ಅರ್ಧ ಹೊಸ ಗಾರೆಯ ಮೇಲೆ ಇದೆ. ಹೊಸ ಗೋಡೆ ಆಮೇಲೆ ಬಂದಿದ್ದರೆ ಅದರ ಗಾರೆ ಚುಕ್ಕೆಯನ್ನು ಮುಚ್ಚಬೇಕಿತ್ತು, ಇಲ್ಲ ಅರ್ಧ ಚುಕ್ಕೆ ಮಾತ್ರ ಉಳಿಯಬೇಕಿತ್ತು. ಬಣ್ಣ ಸಂದಿನೊಳಕ್ಕೂ ಇಳಿದಿದೆ. “ಹಚ್ಚಿದೋನು ಎರಡೂ ಗೋಡೆ ಮುಂದೆ ನಿಂತ್ಕೊಂಡೇ ಹಚ್ಚಿದಾನೆ. ಕುರುಡನಾಗಿದ್ರೂ ಕೈಗೆ ತಗಲ್ತಿತ್ತು.”

ಕುರುಡನಲ್ಲ ಎಂದು ಟೇಪಕ್ಕನಿಗೆ ಗೊತ್ತಿತ್ತು. ಅವಳು ಟೇಪನ್ನು ಪಕ್ಕಕ್ಕೆ ಹಿಡಿದು ಚುಕ್ಕೆಯ ಫೋಟೊ ತೆಗೆದಳು, ಏಳು ಸಲ. ಪೇಂಟರನ ಹೇಳಿಕೆ ಬರೆದುಕೊಂಡಳು. ಅವನು ಸಹಿ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿದ: ಇದರಿಂದ ತನ್ನ ಕೂಲಿಗೇನೂ ತೊಂದರೆ ಇಲ್ಲ ತಾನೆ. ಇಲ್ಲವೆಂದು ಅವಳು ಹೇಳಿದಳು. ಆ ಚುಕ್ಕೆಯ ಸುತ್ತ ಒಂದು ಗೇಣು ಬಿಟ್ಟು ಉಳಿದದ್ದಕ್ಕೆ ಬಣ್ಣ ಬಳಿಯುವುದಾಗಿ ಅವನು ಒಪ್ಪಿಕೊಂಡ, ವಿಚಿತ್ರ ಜನ ಎಂಬ ಮುಖ ಮಾಡಿ.

ಬೀದಿಗೆ ಬಂದು ಅವಳು ಮನೆಗೆ ಫೋನ್ ಮಾಡಿದಳು. ಗಂಡ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವಳ ಪತ್ತೇದಾರಿಕೆಗೆ ಮನೆಯಲ್ಲಿ ಸಿಗುತ್ತಿದ್ದ ಏಕೈಕ ಶ್ರೋತೃ. ಸರಿಯಾದ ಕಡೆ ಹೂಂಗುಟ್ಟಿ, ತಪ್ಪಾದ ಕಡೆ ಸುಮ್ಮನಿರುವ ಕಲೆ ಅವರಿಗೆ ಸಿದ್ಧಿಸಿತ್ತು. ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು: ಹತ್ತೊಂಬತ್ತು ಅಡಿ, ಚುಕ್ಕೆ, ಉಗುರುಬಣ್ಣ, ಕೊಕ್ಕೆ. ಇವತ್ತು ಸಂಜೆ ಐದಕ್ಕೆ ಆಕ್ಷೇಪಣೆಯ ಗಡುವು. ಐದು ದಾಟಿತೆಂದರೆ ಪಟ್ಟಿ ಖಾಯಂ, ಮೂರು ವರ್ಷ ಯಾರೂ ಮುಟ್ಟುವಂತಿಲ್ಲ. ಅಷ್ಟು ದಿನ ಆ ತೆರಿಗೆ ಕಟ್ಟುವ ಶಕ್ತಿ ಟೈಲರಮ್ಮನಿಗಿಲ್ಲ. ಮನೆ, ಮನೆಯ ಮುಂದಿನ ಕೋಣೆಯಲ್ಲಿರುವ ಎರಡು ಹೊಲಿಗೆ ಯಂತ್ರ, ಎಲ್ಲ ಬ್ರೋಕರನ ಪಾಲು. ಹೋದ ವಾರ ಟೈಲರಮ್ಮ ಕೊಟ್ಟ ಬೋಳು ಅರ್ಜಿಗೆ ಈಗ ಪುರಾವೆ ಸಿಕ್ಕಿದೆ.

ಗಡುವು ಐದಕ್ಕೇ ತಾನೆ ಎಂದು ಮೇಷ್ಟ್ರು ಇನ್ನೊಮ್ಮೆ ಕೇಳಿಕೊಂಡರು. ಆಮೇಲೆ, ಟೈಲರಮ್ಮನನ್ನು ತಾವೇ ಸ್ಕೂಟರಿನಲ್ಲಿ ಕಚೇರಿಗೆ ಕರೆತರುವುದಾಗಿ ಹೇಳಿದರು. ಅರ್ಜಿದಾರಳು ಎದುರಿಗಿದ್ದರೆ ಒಳ್ಳೆಯದಲ್ಲವೆ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವರು ತಾವಾಗಿ ಸ್ಕೂಟರು ತೆಗೆದದ್ದು ಅಪರೂಪ. ಟೇಪಕ್ಕನ ಕಣ್ಣು ತುಂಬಿ ಬಂತು.

ಮಧ್ಯಾಹ್ನ ಹನ್ನೆರಡಕ್ಕೆ ಅವಳು ಪುರಸಭೆಯ ಎರಡನೇ ಮಹಡಿಯಲ್ಲಿದ್ದಳು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಒಂದಕ್ಕೆ ಊಟಕ್ಕೆ ಹೋಗಿದ್ದಾರೆ ಎಂದರು. ಎರಡೂವರೆಗೆ ಮತ್ತೆ ಮೀಟಿಂಗು. ಅವಳು ಕೂತಿದ್ದ ಬೆಂಚಿನ ಎದುರಿಗೇ ಕೋಣೆಯ ಬಾಗಿಲು; ಮೀಟಿಂಗಿಗೆ ಒಳಗೆ ಹೋದವರೂ ಇಲ್ಲ, ಹೊರಗೆ ಬಂದವರೂ ಇಲ್ಲ. ಈ ಬೆಂಚಿನ ಮೇಲೆ ಜನರನ್ನು ಮೂವತ್ತೊಂದು ವರ್ಷ ಕೂರಿಸಿದವಳಿಗೆ ಅದರ ಹಲಗೆ ಎಷ್ಟು ಗಟ್ಟಿ ಎಂದು ತಿಳಿದದ್ದು ಇವತ್ತು. ಆಕ್ಷೇಪಣೆಯ ಕೌಂಟರು ಕೆಳಗಿನ ಮಹಡಿಯಲ್ಲಿ. ಮೇಷ್ಟ್ರು ಟೈಲರಮ್ಮನ ಜೊತೆ ಅಲ್ಲೇ ಕಾಯುತ್ತಿರುತ್ತಾರೆಂದು ಅವಳು ಇಳಿದು ಹೋಗಲಿಲ್ಲ. ಇಳಿದರೆ ಸಾಹೇಬರ ಮೀಟಿಂಗು ಅದೇ ಕ್ಷಣಕ್ಕೆ ಮುಗಿಯುತ್ತದೆಂದೂ ಅವಳಿಗೆ ಗೊತ್ತಿತ್ತು.

ನಾಲ್ಕೂ ಹತ್ತಕ್ಕೆ ಕರೆ ಬಂತು.

ಕೊಕ್ಕೆ ಎದ್ದು ನಿಂತ. ಅವಳು ಕೋಣೆಗೆ ಬಂದಾಗ ಅವನು ಯಾವತ್ತೂ ಎದ್ದು ನಿಲ್ಲುತ್ತಿದ್ದ, ಸಾಹೇಬನಾದ ಮೇಲೂ. ತಾನೇ ಕುರ್ಚಿ ಎಳೆದ. ಮೊಣಕಾಲು ಹೇಗಿದೆ ಎಂದ, ನೀರು ಬಗ್ಗಿಸಿ ಕೊಟ್ಟ. ಹೊಟ್ಟೆ ಬಂದಿತ್ತು ಅವನಿಗೆ. ಈಗ ಯಾವ ಓಣಿಯಲ್ಲೂ ನುಸುಳಲಾರ.

ಟೇಪಕ್ಕ ನೀರು ಕುಡಿದಳು. ಆಮೇಲೆ ಮೇಜಿನ ಗಾಜಿನ ಮೇಲೆ ಫೋನಿಟ್ಟು ಅವನ ಕಡೆ ತಳ್ಳಿದಳು.

“ಇದು ಯಾರದ್ದು?”

ಅವನು ಫೋನು ಮುಟ್ಟಲಿಲ್ಲ. ಬಗ್ಗಿ ನೋಡಿದ. “ನನ್ನ ಹೆಂಡ್ತೀದು. ಆ ಬಣ್ಣ ಈಗ ಅಂಗಡೀಲಿ ಸಿಗಲ್ಲ ಅಕ್ಕ.”

“ಹಿಂದೆ ಎರಡು ರೂಮಿತ್ತು.”

“ಇತ್ತು.”

“ನೀನು ನೋಡಿದ್ದೆ.”

“ಬೆನ್ನು ಅದಕ್ಕೇ ಒರಗಿಸಿ ನಿಂತಿದ್ದೆ.”

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಬೆಂಚಿನ ಮೇಲೆ ನಾಲ್ಕು ಗಂಟೆ ಕೂತು ಹೆಣೆದಿದ್ದ ಪ್ರಶ್ನೆಗಳೆಲ್ಲ ಕೆಲಸಕ್ಕೆ ಬಾರದೆ ಹೋದವು.

“ಹಿಡಿದ್ಯೇನೋ ಅಂತ ಕೂಗಿ ಕೇಳಿದೆ ನಿನ್ನ. ನೀನು ಎರಡು ಸಲ ಎಳೆದೆ.”

“ಹಿಡಿದಿದ್ದೆ ಅಕ್ಕ. ಎಲ್ಲಿ ಹಿಡಿದೆ ಅಂತ ನೀವು ಕೇಳ್ಲಿಲ್ಲ.”

ಹದಿನೆಂಟು ವರ್ಷದಲ್ಲಿ ಒಂದು ಸಲವೂ ಅವಳು ಹಾಗೆ ಕೇಳಿರಲಿಲ್ಲ. ಮಳೆ ಬಿಸಿಲೆನ್ನದೆ ದಿನಕ್ಕೆ ಹತ್ತು ಹನ್ನೆರಡು ಮನೆ. ಎರಡು ಎಳೆತ ಬಂದರೆ ಸಾಕು, ಅವಳು ಓದಿ ಬರೆಯುತ್ತಿದ್ದಳು. ಈಗ ಆ ಸಾವಿರಾರು ಕಾರ್ಡುಗಳು ರೆಕಾರ್ಡ್ ರೂಮಿನ ಕಪಾಟುಗಳಿಂದ ಒಂದೊಂದಾಗಿ ಎದ್ದು ಬಂದು ಅವಳ ಮುಂದೆ ಸಾಲು ನಿಂತಂತಾಯಿತು.

“ಇನ್ನೆಷ್ಟು ಮನೆ?”

“ಇದೊಂದೇ.”

“ನಾನು ಅದನ್ನ ನಂಬಬೇಕಾ?”

“ನಂಬಬೇಡಿ,” ಎಂದ ಕೊಕ್ಕೆ, ತಣ್ಣಗೆ. “ನಾನಾಗಿದ್ರೂ ನಂಬ್ತಿರ್ಲಿಲ್ಲ.”

ಆಮೇಲೆ ಅವನು ಹೇಳುತ್ತಾ ಹೋದ, ಇನ್ಯಾರದೋ ಫೈಲು ಓದಿ ಹೇಳುವವನಂತೆ. ಹಲ್ಲಿನ ಡಾಕ್ಟರು ಆಗಷ್ಟೇ ಹಿಂದೆ ಎರಡು ಕೋಣೆ ಎಳೆದಿದ್ದರು. ಹತ್ತೊಂಬತ್ತು ಅಡಿ ಬಿಟ್ಟುಬಿಟ್ಟರೆ ಅವರಿಗೆ ವರ್ಷಕ್ಕೆ ಒಂದಿಷ್ಟು ತೆರಿಗೆ ಉಳಿಯುತ್ತಿತ್ತು, ಇನ್ಯಾರಿಗೂ ಏನೂ ನಷ್ಟವಿರಲಿಲ್ಲ. ಪುರಸಭೆಗೆ ಆಗುವ ನಷ್ಟ ಯಾರ ನಷ್ಟವೂ ಅಲ್ಲ ಎಂದು ಆಗ ಎಲ್ಲರೂ ತಿಳಿದಿದ್ದರು. ಆದರೆ ಅದೇ ಮನೆ ಮುಂದೊಂದು ದಿನ ಒಳ್ಳೇ ಬೆಲೆಗೆ ಮಾರಿಹೋಗಿ, ಬೀದಿಗೇ ಮಾದರಿಯಾಗುತ್ತದೆಂದು ಯಾರಿಗೆ ಗೊತ್ತಿತ್ತು. ಈ ವರ್ಷ ಕರಡು ಪಟ್ಟಿ ಮೇಜಿಗೆ ಬಂದಾಗ ಹನ್ನೆರಡು ಸಾವಿರದ ದರ ನೋಡಿ ಅವನಿಗೆ ಒಂದೇ ನೋಟಕ್ಕೆ ಅರ್ಥವಾಗಿತ್ತು.

“ಅರ್ಥ ಆದ್ಮೇಲೆ ತಿದ್ದಬೇಕಿತ್ತು.”

“ತಿದ್ದೋಕೆ ಕಾರ್ಡು ತೆಗೀಬೇಕು. ಕಾರ್ಡಲ್ಲಿ ನಮ್ಮಿಬ್ಬರ ಸಹಿ ಇದೆ.”

“ಆ ಹೆಂಗಸು ಮನೆ ಕಳ್ಕೊಳ್ತಾಳೆ ಕಣೋ.”

ಅವನು ಕಿಟಕಿಯ ಕಡೆ ನೋಡಿದ. ಬೀದಿಯಲ್ಲಿ ನಲವತ್ತೊಂದು ಮನೆಗಳಿವೆ, ಅರ್ಜಿ ಹಾಕಿದ್ದು ಒಬ್ಬಳೇ ಎಂದ. ಉಳಿದ ನಲವತ್ತು ಮನೆಯವರು ಬಾಗಿಲಲ್ಲಿ ನಿಂತು ಬೈದು, ಒಳಗೆ ಹೋಗಿ ಕಟ್ಟಿದ್ದಾರೆ. ಅದರಲ್ಲಿ ಅವನಿಗೇನೋ ಸಮಾಧಾನವಿದ್ದಂತೆ ಕಂಡಿತು.

“ಡಾಕ್ಟರು ನಿನಗೇನು ಕೊಟ್ಟ?”

“ಏನೂ ಇಲ್ಲ. ಆ ಮನುಷ್ಯನ್ನ ನಾನು ಮಾತಾಡಿಸಿದ್ದು ಆಮೇಲೆ, ದವಡೆ ಹಲ್ಲು ಕೀಳಿಸ್ಕೊಂಡಾಗ. ಪೂರ್ತಿ ಫೀಸು ತಗೊಂಡ.”

“ಹಾಗಾದ್ರೆ ಯಾರು ಹೇಳಿದ್ದು ನಿಂಗೆ?”

ಕೊಕ್ಕೆ ಮೇಜಿನ ಕೆಳಗಿನ ಖಾನೆಯ ಬೀಗ ತೆಗೆದ. ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಹಾಳೆಯನ್ನು ಅವಳ ಮುಂದಿಟ್ಟ. ಮಡಿಕೆಗಳಲ್ಲಿ ಹಳದಿಗಟ್ಟಿದ್ದ ಕಚೇರಿ ಟಿಪ್ಪಣಿ, ಅವನದೇ ಅಕ್ಷರ. ಹದಿನಾಲ್ಕನೇ ನಂಬರಿನ ಹಿಂಭಾಗದ ಹತ್ತೊಂಬತ್ತು ಅಡಿ ಅಳತೆಯಲ್ಲಿ ಬಿಟ್ಟುಹೋಗಿದೆ, ಸೇರಿಸಲು ಅನುಮತಿ ಕೋರಿದೆ. ಅಳೆದ ಮೂರನೇ ವಾರಕ್ಕೆ ಬರೆದದ್ದು. ಮನಸ್ಸು ತಡೆಯಲಿಲ್ಲ ಅಕ್ಕ ಎಂದ ಅವನು. ಆಗಿನ್ನೂ ತನಗೆ ಹಾಗೆಲ್ಲ ಆಗುತ್ತಿತ್ತು ಎಂದೂ ಸೇರಿಸಿದ.

ಟಿಪ್ಪಣಿಯ ಕೆಳಗೆ ಬೇರೆ ಶಾಯಿಯಲ್ಲಿ ಒಂದು ಸಾಲು: ಬೇಡ, ಇದ್ದಂತೆ ಇರಲಿ. ಅದರ ಕೆಳಗೆ ಟೇಪಕ್ಕನ ಸಹಿ. ತಾರೀಕು.

ಅವಳು ಸಹಿಯನ್ನು ನೋಡಿದಳು. ತನ್ನದೇ. ತನ್ನದಕ್ಕಿಂತ ಚೆನ್ನಾಗಿಯೇ ಇತ್ತು. ಕೊನೆಯ ಅಕ್ಷರದ ಸುತ್ತು ಅವಳ ಕೈಯಲ್ಲಿ ಯಾವತ್ತೂ ಪೂರ್ತಿ ದುಂಡಗಾಗುತ್ತಿರಲಿಲ್ಲ. ಇಲ್ಲಿ ಕೈವಾರ ಹಿಡಿದು ಎಳೆದಷ್ಟು ದುಂಡಗಿತ್ತು.

ತಾರೀಕನ್ನು ಎರಡು ಸಲ ಓದಿದಳು. ಆ ತಿಂಗಳು ಯಾರದೋ ಕಾಂಪೌಂಡು ಹತ್ತಿ ಒಳಗೆ ಇಣುಕಲು ಹೋಗಿ ಬಿದ್ದು, ಬಲ ಮಣಿಕಟ್ಟು ಮುರಿದುಕೊಂಡು, ಆರು ವಾರ ಪ್ಲಾಸ್ಟರು ಹಾಕಿಸಿಕೊಂಡು ಅವಳು ಮನೆಯಲ್ಲಿದ್ದಳು. ಕಚೇರಿಯ ಕಾಗದಗಳು ಕಟ್ಟುಕಟ್ಟಾಗಿ ಮನೆಗೆ ಬರುತ್ತಿದ್ದವು. ನೋಡಲು ಬಂದ ಕೊಕ್ಕೆ ಪ್ಲಾಸ್ಟರಿನ ಮೇಲೆ ಮೊಣಕೈಯಿಂದ ಬೆರಳಿನವರೆಗೆ ಟೇಪಿನಂತೆ ಇಂಚು ಗುರುತು ಹಾಕಿ ಎಲ್ಲರನ್ನೂ ನಗಿಸಿದ್ದ.

“ಇದು ನನ್ನ ಸಹಿ ಅಲ್ಲ ಅಂತ ನಿಂಗೆ ಅವತ್ತೇ ಗೊತ್ತಿತ್ತು.”

“ಗೊತ್ತಿತ್ತು.”

“ಹನ್ನೊಂದು ವರ್ಷ ಇಟ್ಕೊಂಡು ಕೂತಿದ್ದೆ.”

“ಬೇಕಾಗಬಹುದು ಅಂತ ಅನ್ನಿಸಿತ್ತು. ಬೇಕಾಯ್ತು ನೋಡಿ.” ಅವನು ಮೊದಲ ಸಲ ಅವಳ ಮುಖವನ್ನು ನೇರ ನೋಡಿದ. “ಅಳತೆಗೆ ಹೋಗೋ ಹಿಂದಿನ ದಿನ ನನ್ನ ಮನೆ ತನಕ ಬಂದು, ಹಿಂದಿಂದು ಬಿಟ್ಬಿಡು ಅಂದೋರೂ ಈ ಸಹಿ ಹಾಕಿದೋರೇ. ನಿಮಗೆ ಹೇಳ್ಬೇಡ ಅಂದ್ರು. ಅವಳ ತಮ್ಮನ ಥರ ಇದ್ದೀಯ, ಇಷ್ಟು ಮಾಡಲ್ವಾ ಅಂದ್ರು.”

“ಯಾರು?”

“ಇನ್ಯಾರು ಅಕ್ಕ. ಭಾವ.”

ಕೋಣೆಯ ಫ್ಯಾನು ತಿರುಗುತ್ತಿತ್ತು. ಕೆಳಗೆ ಯಾರೋ ಯಾರನ್ನೋ ಕರೆದು, ಸೀಲು ಎಲ್ಲಿ ಎಂದು ಕೇಳುತ್ತಿದ್ದರು.

ಮನೆಯಲ್ಲಿ ಅದೊಂದು ನಗೆಯ ವಿಷಯವಾಗಿತ್ತು. ಕೊರಿಯರಿನವನಿಗೆ, ಬ್ಯಾಂಕಿನ ಚೀಟಿಗೆ, ಮಗಳ ಶಾಲೆಯ ಅಂಕಪಟ್ಟಿಗೆ, ಅವಳಿಗೆ ಪುರುಸೊತ್ತಿಲ್ಲದ ಎಲ್ಲ ಕಡೆಯೂ ಡ್ರಾಯಿಂಗ್ ಮೇಷ್ಟ್ರು ಅವಳ ಸಹಿ ಹಾಕುತ್ತಿದ್ದರು. ನನಗಿಂತ ಚೆನ್ನಾಗಿ ಹಾಕ್ತಾರೆ ಎಂದು ಬಂದವರ ಮುಂದೆಲ್ಲ ಹೇಳಿ ನಕ್ಕವಳು ಅವಳೇ. ಯಾವ ಕಾಗದವೆಂದು ಅವಳೂ ಕೇಳುತ್ತಿರಲಿಲ್ಲ.

ಡಾಕ್ಟರಿಗೂ ಮೇಷ್ಟ್ರಿಗೂ ಏನು ನಂಟು? ಆ ಎರಡು ಕೋಣೆಗಳಲ್ಲಿ ಅವರದ್ದೇನಿತ್ತು? ಅವಳು ಕೇಳಿದಳು. ಕೊಕ್ಕೆ ಅದನ್ನು ಅವರ ಬಾಯಿಂದಲೇ ಕೇಳುವುದು ಒಳ್ಳೆಯದು ಎಂದಷ್ಟೇ ಹೇಳಿ ಗಡಿಯಾರ ನೋಡಿದ. ನಾಲ್ಕೂ ನಲವತ್ತೊಂದು.

“ಇದನ್ನ ಅರ್ಜಿ ಜೊತೆ ಸೇರಿಸಿ ಕೊಟ್ರೆ ಬೀದಿ ಪೂರ್ತಿ ಉಳಿಯುತ್ತೆ,” ಎಂದ. “ನನ್ನ ಕೆಲಸ ಹೋಗುತ್ತೆ. ನಿಮ್ಮ ಪೆನ್ಷನ್ ವಿಚಾರಣೆಗೆ ಬರುತ್ತೆ. ಭಾವನ್ನ ಪೊಲೀಸ್ನೋರು ಕರೀತಾರೆ. ಯೋಚನೆ ಮಾಡಿ.”

ಟೇಪಕ್ಕ ಹಾಳೆಯನ್ನು ಮಡಿಸಿ, ಪೇಂಟರನ ಹೇಳಿಕೆಯ ಜೊತೆ ಚೀಲಕ್ಕೆ ಹಾಕಿಕೊಂಡಳು. ಯೋಚನೆ ಮಾಡುವ ಹೊತ್ತು ಇದಲ್ಲವೆಂದು ಅವಳಿಗನ್ನಿಸಿತು. ಅದನ್ನು ರಾತ್ರಿ ಮನೆಯಲ್ಲಿ, ಮೇಷ್ಟ್ರ ಎದುರಿಗೆ ಕೂತು ಮಾಡಬಹುದು. ಟೈಲರಮ್ಮನಿಗೆ ರಾತ್ರಿಯವರೆಗೆ ಸಮಯವಿಲ್ಲ.

ಬಾಗಿಲಲ್ಲಿ ತಿರುಗಿ ನೋಡಿದಳು. ಕೊಕ್ಕೆ ಅಡ್ಡ ಬರಲಿಲ್ಲ. ಹಾಳೆಯನ್ನು ಕಸಿದುಕೊಳ್ಳಲಿಲ್ಲ. ಎದ್ದು ನಿಂತು, ಮೆಟ್ಟಿಲು ನೋಡ್ಕೊಂಡು ಇಳೀರಿ ಎಂದ. ಆ ಉಪಚಾರಕ್ಕೆ ಅವಳಿಗೆ ಆಗಲೇ ಅನುಮಾನ ಬರಬೇಕಿತ್ತು.

ಕೆಳಗಿನ ಕೌಂಟರಿನ ಮುಂದಿನ ಕುರ್ಚಿಗಳಲ್ಲಿ ಯಾರೂ ಇರಲಿಲ್ಲ. ಗುಮಾಸ್ತೆ ರಿಜಿಸ್ಟರಿನ ಕೊನೆಯ ಗೆರೆ ಎಳೆಯಲು ಸ್ಕೇಲು ಇಟ್ಟುಕೊಂಡಿದ್ದಳು. ಟೇಪಕ್ಕನ ಕೈಕೆಳಗೆ ಕೆಲಸ ಕಲಿತವಳು. ನೋಡಿದೊಡನೆ ಮುಖ ಅರಳಿತು.

ಟೇಪಕ್ಕ ಟೈಲರಮ್ಮನ ಅರ್ಜಿಯ ಸಂಖ್ಯೆ ಹೇಳಿ, ಪುರಾವೆ ಸೇರಿಸಬೇಕು, ಸೀಲು ಹಾಕು ಎಂದಳು.

ಗುಮಾಸ್ತೆ ರಿಜಿಸ್ಟರು ತಿರುವಿದಳು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಮುಖ ಎತ್ತಿದಾಗ ಅದರಲ್ಲಿ ಗೊಂದಲವಿತ್ತು.

“ಅದು ಇಲ್ವಲ್ಲ ಮೇಡಂ. ಮೂರೂವರೆಗೆ ವಾಪಸ್ ತಗೊಂಡ್ರು.”

“ಯಾರು?”

“ಆ ಅಮ್ಮನೇ. ನಿಮ್ಮ ಮನೆಯವರೇ ಕರ್ಕೊಂಡು ಬಂದಿದ್ರು.”

ಗುಮಾಸ್ತೆ ಹೇಳಿದ್ದಿಷ್ಟು. ಮೇಲೆ ಸಾಹೇಬರ ಹತ್ತಿರ ಎಲ್ಲ ಇತ್ಯರ್ಥವಾಗಿದೆ, ತೆರಿಗೆ ಇಳಿಸಲು ಒಪ್ಪಿದ್ದಾರೆ, ಆಕ್ಷೇಪಣೆ ಹಿಂತೆಗೆದುಕೊಂಡರೆ ನಾಳೆಯೇ ಹೊಸ ನೋಟೀಸು ಬರುತ್ತದೆ ಎಂದು ಮೇಷ್ಟ್ರು ಆ ಹೆಂಗಸಿಗೆ ಬಿಡಿಸಿ ಹೇಳಿದರು. ಅವಳು ಕೈಮುಗಿದು ಸಹಿ ಮಾಡಿದಳು. ನಿಮ್ಮ ಮೇಡಂಗೆ ಹೇಳಿ, ಜನ್ಮ ಪೂರ್ತಿ ಅವರ ಬಟ್ಟೆ ನಾನೇ ಹೊಲಿದುಕೊಡ್ತೀನಿ ಎಂದಳಂತೆ. ಅವಳ ಕಣ್ಣಲ್ಲಿ ನೀರಿತ್ತು, ಪಾಪ, ನಿಮ್ಮ ಮನೆಯವರು ತುಂಬ ಒಳ್ಳೇವರು ಮೇಡಂ, ಎಂದಳು ಗುಮಾಸ್ತೆ.

ಮೂರೂವರೆಗೆ ತಾನು ಮೇಲಿನ ಬೆಂಚಿನ ಮೇಲೆ ಕೂತಿದ್ದೆ, ಕೊಕ್ಕೆ ಒಳಗೆ ಕರೆದದ್ದು ಅದಾದ ಮೇಲೆ ಎಂದು ಟೇಪಕ್ಕ ಲೆಕ್ಕ ಹಾಕಿದಳು.

ಕೈಯಲ್ಲಿ ಪುರಾವೆಯಿತ್ತು. ಅದನ್ನು ಸೇರಿಸಲು ಅರ್ಜಿಯೇ ಇರಲಿಲ್ಲ. ಅರ್ಜಿ ಹಾಕುವ ಹಕ್ಕು ಮನೆಯ ಒಡೆಯರಿಗೆ ಮಾತ್ರ. ಗೋಡೆಯ ಗಡಿಯಾರದಲ್ಲಿ ನಾಲ್ಕೂ ನಲವತ್ತೇಳು.

“ಹೊಸ ಫಾರಂ ಕೊಡು,” ಎಂದಳು. ನಿಂತಲ್ಲೇ ತುಂಬಿದಳು: ಬೀದಿ, ಮನೆ ನಂಬರು, ಚದರಡಿ, ಆಕ್ಷೇಪಣೆಗೆ ಕಾರಣ. ಅಕ್ಷರಗಳು ಓಡುತ್ತಿದ್ದವು. ಕೊನೆಗೆ ಒಡೆಯರ ಸಹಿ ಎಂಬ ಗೆರೆ ಖಾಲಿ ಉಳಿಯಿತು.

ಗುಮಾಸ್ತೆ ಆಚೀಚೆ ನೋಡಿ ದನಿ ತಗ್ಗಿಸಿದಳು. ನೀವೇ ಹಾಕಿಬಿಡಿ ಮೇಡಂ, ನಾನೇನೂ ನೋಡಲಿಲ್ಲ ಎಂದಳು.

ಟೇಪಕ್ಕ ಪೆನ್ನಿನ ಮುಚ್ಚಳ ಹಾಕಿದಳು. ಟೈಲರಮ್ಮನ ಮನೆ ಪುರಸಭೆಯಿಂದ ಒಂದೇ ಬೀದಿ ಆಚೆ. ಓಡಿಬಂದರೆ ಐದು ನಿಮಿಷ. ಇನ್ನೂ ಎಂಟು ನಿಮಿಷಗಳಿದ್ದವು. ಅವಳು ಟೈಲರಮ್ಮನ ನಂಬರು ಒತ್ತಿದಳು.

ಒಂದು ರಿಂಗು. ಎರಡು. ಗುಮಾಸ್ತೆ ಸೀಲಿಗೆ ಶಾಯಿ ಒತ್ತಿ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ನಾಲ್ಕನೆಯ ರಿಂಗಿಗೆ ಆ ಕಡೆ ಎತ್ತಿದರು. ಹಿಂದೆ ಹೊಲಿಗೆ ಯಂತ್ರ ಓಡುವ ಸದ್ದು ಕೇಳಿತು.

“ಅಮ್ಮಾ, ಇದ್ದ ಹಾಗೇ ಎದ್ದು ಬನ್ನಿ,” ಎಂದಳು ಟೇಪಕ್ಕ. “ಯಾರು ಏನೇ ಹೇಳಿದ್ರೂ ಕೇಳ್ಬೇಡಿ. ಕೌಂಟರ್ ಹತ್ರ ಇದೀನಿ.”

ಹೊಲಿಗೆ ಯಂತ್ರ ಓಡುತ್ತಲೇ ಇತ್ತು. ಫೋನು ಎತ್ತಿದ್ದು ಅದನ್ನು ಓಡಿಸುತ್ತಿದ್ದವಳಲ್ಲ.

“ನಾನು,” ಎಂದಿತು ಮೂವತ್ತನಾಲ್ಕು ವರ್ಷ ಪಕ್ಕದಲ್ಲಿ ಕೇಳಿದ ದನಿ, ಯಾವತ್ತಿನಷ್ಟೇ ಮೆತ್ತಗೆ. “ಅವರು ಕೆಲಸದಲ್ಲಿದ್ದಾರೆ, ಫೋನು ನನ್ನ ಕೈಲಿದೆ. ಐದಾಯ್ತಾ?”